ಕಿಟ್ ಕೊಳ್ಳುವುದೋ, ಡೈಕಾಸ್ಟ್ ಬಿಚ್ಚುವುದೋ, ಹಾಳೆ ಕತ್ತರಿಸುವುದೋ: ಮೊದಲ ಮಾದರಿ ಕಾರಿನ ಆಯ್ಕೆ

ದಸರಾ ಬೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲುಗಳ ಬುಡದಲ್ಲಿ ಒಂದು ಪುಟ್ಟ ಊರು ಇರುತ್ತದೆ. ತಟ್ಟೆಯಲ್ಲಿ ಮೊಳೆತ ರಾಗಿ ಪೈರು, ಕನ್ನಡಿಯ ಕೆರೆ, ಮರಳಿನ ರಸ್ತೆ, ರಸ್ತೆಯ ಮೇಲೆ ಎರಡು ಮೂರು ಕಾರು. ನಮ್ಮ ಮನೆಯಲ್ಲಿ ಆ ಕಾರುಗಳು ಪಕ್ಕದಲ್ಲಿ ನಿಂತ ಪೊಲೀಸ್ ಬೊಂಬೆಯ ಮೊಣಕಾಲಿಗೂ ಬರುತ್ತಿರಲಿಲ್ಲ. ಪೊಲೀಸನ ಎತ್ತರಕ್ಕೆ ತಕ್ಕ ಒಂದು ಅಂಬಾಸಿಡರ್ ಬೇಕೆಂಬ ಹಂಬಲ ಆಗ ಹತ್ತಿದ್ದು ಇಂದಿಗೂ ಬಿಟ್ಟಿಲ್ಲ.

ಈಚೆಗೆ ಮೂವರು ನನ್ನನ್ನು ಕೇಳಿದ ಪ್ರಶ್ನೆಗಳೇ ಈ ಬರಹಕ್ಕೆ ಕಾರಣ. ಎಂಟನೆಯ ತರಗತಿಯ ಮಗನಿರುವ ತಾಯಿಯೊಬ್ಬರು, ಬಿಡಿಭಾಗ ಜೋಡಿಸಿ ಮಾದರಿ ಕಾರು ಕಟ್ಟುವ ಮೂರು ಸಾವಿರ ರೂಪಾಯಿಯ ಜಪಾನಿ ಕಿಟ್ ಕೊಡಿಸಿದರೆ ಹುಡುಗ ಮುಗಿಸುತ್ತಾನೆಯೇ ಎಂದು ಕೇಳಿದರು. ಬೆಂಗಳೂರಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿರುವ ಯುವಕನ ಬಳಿ ಡೈಕಾಸ್ಟ್, ಅಂದರೆ ಲೋಹದ ಎರಕದ ಪುಟ್ಟ ಆಟಿಕೆಗಳಾದ ನಲವತ್ತು ಹಾಟ್ ವೀಲ್ಸ್ ಕಾರುಗಳಿವೆ. ಅವನ್ನು ಕಪಾಟಿನಲ್ಲಿಟ್ಟು ನೋಡುವುದಷ್ಟೇ ಸಾಕಾಗದೆ ಕೈಯಿಂದ ಏನಾದರೂ ಮಾಡಬೇಕು ಅನ್ನಿಸಿದೆ. ಮೂರನೆಯವರು ಸಾರಿಗೆ ಸಂಸ್ಥೆಯಿಂದ ನಿವೃತ್ತರಾದ ಚಾಲಕರು. ಅವರಿಗೆ ತಾವು ಓಡಿಸಿದ ಕೆಂಪು ಬಸ್ಸೇ ಬೇಕು. ಮೂವರದೂ ಒಂದೇ ಮಾತು: ‘ಯಾವುದರಿಂದ ಶುರು ಮಾಡಲಿ?’

ಇವರಿಗೆ ಒಂದೇ ಉತ್ತರ ಹೇಳಿದರೆ ಮೂವರಲ್ಲಿ ಇಬ್ಬರು ಆರು ತಿಂಗಳಲ್ಲಿ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುತ್ತಾರೆ. ಹಾಗಾಗಬಾರದೆಂಬುದು ನನ್ನ ಕಾಳಜಿ.

ಅಂಗಡಿಗೆ ಹೋಗುವ ಮೊದಲು

ಹೆಚ್ಚಿನವರು ಬೆಲೆಯಿಂದ ಶುರು ಮಾಡುತ್ತಾರೆ. ನಾನು ಬೆಲೆಯನ್ನು ಕೊನೆಗೆ ಇಡುತ್ತೇನೆ. ಮೊದಲು ನೋಡಬೇಕಾದದ್ದು ಮನೆಯಲ್ಲಿ ಬಣ್ಣ ಹೊಡೆಯಲು ಜಾಗ ಇದೆಯೇ ಎಂಬುದನ್ನು. ಕಾರಿನ ಮಾದರಿ ಕಾರಿನಂತೆ ಕಾಣುವುದು ಅದರ ಮೈಬಣ್ಣದಿಂದ. ವಿಮಾನಕ್ಕೋ ಟ್ಯಾಂಕಿಗೋ ಮಂದವಾದ, ಕೊಳೆ ಹಿಡಿದ ಬಣ್ಣ ಒಪ್ಪುತ್ತದೆ. ಕುಂಚದ ಗೆರೆ ಕಂಡರೂ ನಡೆಯುತ್ತದೆ. ಕಾರಿಗೆ ಹೊಳಪು ಬೇಕು, ಆ ಹೊಳಪಿನಲ್ಲಿ ಒಂದು ಕೂದಲೆಳೆ ಅಂಟಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಹೀಗಾಗಿ ಗಾಳಿಯಾಡುವ, ಧೂಳಿಲ್ಲದ, ಒಂದು ದಿನ ಯಾರೂ ಮುಟ್ಟದಂತೆ ವಸ್ತುವನ್ನು ಒಣಗಲು ಬಿಡಬಹುದಾದ ಮೂಲೆ ಇದೆಯೇ ಎಂಬುದರ ಮೇಲೆ ಅರ್ಧ ನಿರ್ಧಾರ ನಿಂತಿದೆ. ತಾರಸಿ, ಹಿತ್ತಿಲ ಜಗಲಿ, ಕಿಟಕಿಯಿರುವ ಸ್ನಾನದ ಮನೆ, ಯಾವುದಾದರೂ ಆದೀತು.

ಎರಡನೆಯದು, ಯಾವ ಕೆಲಸ ನಿಮ್ಮನ್ನು ಸೆಳೆಯುತ್ತದೆ ಎಂಬುದು. ನಕ್ಷೆ ನೋಡಿ ಒಂದೊಂದೇ ಬಿಡಿಭಾಗ ಕೂಡಿಸುವುದು ಕೆಲವರಿಗೆ ಹಿತ. ಕೆಲವರಿಗೆ ಬಣ್ಣವೇ ಪ್ರಾಣ. ಇನ್ನು ಕೆಲವರು ಅಳೆದು, ಗೀರಿ, ಕತ್ತರಿಸಿ ಇಲ್ಲದ್ದನ್ನು ಇರುವಂತೆ ಮಾಡುವವರು. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದಿಂದ ಲಾರಿ ಮಾಡಿದವರು ಈ ಮೂರನೆಯ ಗುಂಪು. ಅವರಿಗೆ ಕಿಟ್ ಕೊಟ್ಟರೆ ಬೇಗ ಬೇಸರ ಬರುತ್ತದೆ.

ಮೂರನೆಯದು, ನಿಮಗೆ ಇಂಥದ್ದೇ ಕಾರು ಬೇಕೇ, ಯಾವುದಾದರೂ ಚೆಂದದ ಕಾರು ಸಾಕೇ ಎಂಬುದು. ಸ್ಕೈಲೈನ್, ಪೋರ್ಷೆ, ಫೆರಾರಿ ಬೇಕೆಂದರೆ ಕಿಟ್‌ಗಳು ಬೇಕಾದಷ್ಟಿವೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಲ ಮಾರುತಿ 800 ಬೇಕೆಂದರೆ ದಾರಿ ಬೇರೆ.

ಅಳತೆಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ. ಅದನ್ನು 1:18ಕ್ಕೆ, ಅಂದರೆ ಹದಿನೆಂಟರಲ್ಲಿ ಒಂದು ಪಾಲಿಗೆ, ಇಳಿಸಿದರೆ 24 ಸೆಂಟಿಮೀಟರ್, 1:24ಕ್ಕೆ 18 ಸೆಂಟಿಮೀಟರ್, 1:43ಕ್ಕೆ 10 ಸೆಂಟಿಮೀಟರ್, 1:64ಕ್ಕೆ 7 ಸೆಂಟಿಮೀಟರಿಗೂ ಕಡಿಮೆ. 12 ಮೀಟರಿನ ಬಸ್ಸಾದರೆ 1:24ರಲ್ಲಿ ಅರ್ಧ ಮೀಟರ್ ಆಗುತ್ತದೆ. ಟಿವಿ ಕಪಾಟಿನ ಒಂದು ಅರೆಯನ್ನು ಪೂರ್ತಿ ಅದಕ್ಕೇ ಬಿಡಬೇಕು. ಅಳತೆ ಬಣ್ಣಕ್ಕೂ ತಗುಲುತ್ತದೆ. ನೀವು ಬಳಿದ ಬಣ್ಣ 0.1 ಮಿಲಿಮೀಟರ್ ದಪ್ಪವಿದ್ದರೆ 1:24ರಲ್ಲಿ ಅದು ನಿಜವಾದ ಕಾರಿನ ಮೇಲೆ 2.4 ಮಿಲಿಮೀಟರ್ ಬಣ್ಣ ಮೆತ್ತಿದಂತೆ, 1:64ರಲ್ಲಿ 6 ಮಿಲಿಮೀಟರಿಗೂ ಹೆಚ್ಚು. ಸಣ್ಣ ಕಾರು ಸುಲಭ ಎಂದುಕೊಂಡವರು ಬಾಗಿಲ ಗೆರೆಗಳೆಲ್ಲ ಬಣ್ಣದಲ್ಲಿ ಮುಚ್ಚಿಹೋದುದನ್ನು ಕಂಡು ಸೋಲುವುದು ಇಲ್ಲಿಯೇ.

1:24ರ ಪ್ಲಾಸ್ಟಿಕ್ ಕಿಟ್

ಈ ಹವ್ಯಾಸದ ಹೆದ್ದಾರಿ ಇದು. ಪೆಟ್ಟಿಗೆಯಲ್ಲಿ ಬಿಡಿಭಾಗಗಳು ಸ್ಪ್ರೂ ಎಂಬ ಪ್ಲಾಸ್ಟಿಕ್ ಚೌಕಟ್ಟಿಗೆ ಕಾಯಿ ಕೊಂಬೆಗೆ ಅಂಟಿದಂತೆ ಅಂಟಿಕೊಂಡಿರುತ್ತವೆ. ಜೊತೆಗೆ ರಬ್ಬರ್ ಟೈರು, ಗಾಜಿನ ಬದಲಿಗೆ ಪಾರದರ್ಶಕ ಪ್ಲಾಸ್ಟಿಕ್ ಭಾಗಗಳು, ನೀರಿನಲ್ಲಿ ನೆನೆಸಿ ಅಂಟಿಸುವ ಡಿಕಾಲ್ ಹಾಳೆ, ನಕ್ಷೆ. ಅಂಟು, ಬಣ್ಣ ಸಾಮಾನ್ಯವಾಗಿ ಇರುವುದಿಲ್ಲ. ಮೊದಲ ಬಾರಿ ಕೊಳ್ಳುವವರು ಇದನ್ನು ಗಮನಿಸುವುದಿಲ್ಲ. ಏರ್‌ಫಿಕ್ಸ್, ರೆವೆಲ್ ಕಂಪನಿಗಳ ಕೆಲವು ಪೆಟ್ಟಿಗೆಗಳಲ್ಲಿ ಮಾತ್ರ ಕುಂಚ, ಅಂಟು, ಬಣ್ಣದ ಪುಟ್ಟ ಡಬ್ಬಿಗಳೂ ಸೇರಿರುತ್ತವೆ.

ಜಪಾನಿನ ದೊಡ್ಡ ಹೆಸರುಗಳಾದ ತಮಿಯಾ, ಅಓಶಿಮಾ, ಫುಜಿಮಿ, ಹಸೆಗಾವಾ ನಾಲ್ಕೂ ಶಿಜುಓಕಾ ಪ್ರಾಂತದವು. 1946ರಲ್ಲಿ ತಮಿಯಾ ಶುರುವಾದದ್ದು ಮರದ ವ್ಯಾಪಾರವಾಗಿ. ಮರದ ಮಾದರಿಗಳನ್ನು ಮಾಡುತ್ತ ಬಂದ ಕಂಪನಿ 1960ರಲ್ಲಿ ಪ್ಲಾಸ್ಟಿಕ್‌ಗೆ ಬಂತು. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡು ಚರಕಿಯಲ್ಲಿ ತಿರುಗುತ್ತ ಅರಗಿನ ಬಣ್ಣ ಮೆತ್ತಿಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ಶಿಜುಓಕಾ ನೆನಪಾಗುತ್ತದೆ. ಎರಡೂ ಕಡೆ ಮರದ ಕೆಲಸವೇ ಆಟಿಕೆಯ ಬೇರು. ಪೋರ್ಷೆ 934ರ 1:12ರ ಕಿಟ್ ಮಾಡುವಾಗ ತಮಿಯಾದ ಮುಖ್ಯಸ್ಥರು ಒಂದು ಪೋರ್ಷೆ 911 ಕಾರನ್ನೇ ಕೊಂಡು ಬಿಚ್ಚಿಸಿದ್ದರು. ಆ ಶ್ರದ್ಧೆ ಅವರ ಕಿಟ್‌ಗಳಲ್ಲಿ ಇಂದಿಗೂ ಕಾಣುತ್ತದೆ: ಭಾಗ ಭಾಗಕ್ಕೆ ಒತ್ತದೆಯೇ ಕೂರುತ್ತದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ. ಹಳೆಯ ಅಚ್ಚಿನ ಅಗ್ಗದ ಕಿಟ್ ತಂದು ಎರಡು ಭಾಗಗಳ ನಡುವಿನ ಸಂದಿಗೆ ಪುಟ್ಟಿ ತುಂಬುತ್ತ ಕೂರುವುದು ಮೂರನೆಯ ಕಿಟ್‌ಗೆ ಬರಬೇಕಾದ ಕಷ್ಟ, ಮೊದಲನೆಯದಕ್ಕಲ್ಲ. ಅಮೆರಿಕದ ಎಎಂಟಿಯಂಥ ಕಂಪನಿಗಳ ಕಿಟ್‌ಗಳು 1:25 ಅಳತೆಯವು. 1958ರಿಂದ ಅವರು ಒಂದೇ ಪೆಟ್ಟಿಗೆಯಲ್ಲಿ ಮೂರು ಬಗೆಯಾಗಿ ಕಟ್ಟುವ ಭಾಗಗಳನ್ನು ಕೊಡುತ್ತ ಬಂದರು. ಕಲ್ಪನೆಗೆ ಅಲ್ಲಿ ಜಾಗ ಹೆಚ್ಚು, ಹೊಂದಾಣಿಕೆ ಅಷ್ಟು ನಯವಲ್ಲ.

ಕೊಳ್ಳುವಾಗ ಪೆಟ್ಟಿಗೆಯ ಬದಿಯ ಚಿತ್ರ ನೋಡಿ ಎಂಜಿನ್ ಇದೆಯೇ ಇಲ್ಲವೇ ತಿಳಿದುಕೊಳ್ಳಿ. ಎಂಜಿನ್ ಇಲ್ಲದ, ಬಾನೆಟ್ ತೆರೆಯದ ಕಿಟ್‌ಗಳನ್ನು ಕರ್ಬ್‌ಸೈಡ್ ಎನ್ನುತ್ತಾರೆ. ಮೊದಲ ಕಿಟ್ ಅದೇ ಆಗಿರಲಿ ಎಂಬುದು ನನ್ನ ಸಲಹೆ. ಬಾನೆಟ್ ತೆರೆಯುವ ಕಿಟ್‌ನಲ್ಲಿ ಅದರ ಅಂಚು ಸರಿಯಾಗಿ ಕೂರದೆ ಮುಂಭಾಗದ ಅಂದ ಕೆಡುವುದೇ ಹೆಚ್ಚು.

ಕೆಲಸ ಹೇಗಿರುತ್ತದೆ ಎಂದು ಹತ್ತಿರದಿಂದ ತೋರಿಸುತ್ತೇನೆ. ಕನ್ನಡಿಯ ಒಂದು ಪುಟ್ಟ ಹಿಡಿಕೆಯನ್ನು ಸ್ಪ್ರೂನಿಂದ ತೆಗೆಯಬೇಕು ಎನ್ನಿ. ನಿಪ್ಪರ್ ಎಂಬ ಕತ್ತರಿಸುವ ಇಕ್ಕಳವನ್ನು ಭಾಗಕ್ಕೆ ತಾಗಿಸಿ ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಹರಿದು ಬಿಳಿ ಕಲೆ ಉಳಿಯುತ್ತದೆ, ಕೆಲವೊಮ್ಮೆ ಗುಳಿ ಬೀಳುತ್ತದೆ. ಎರಡು ಮಿಲಿಮೀಟರ್ ದೂರದಲ್ಲಿ ಒಮ್ಮೆ ಕತ್ತರಿಸಿ, ಉಳಿದ ಮೊಟಕನ್ನು ಎರಡನೆಯ ಏಟಿಗೆ ತೆಗೆದು, ಕೊನೆಯ ತರಿಯನ್ನು ಬ್ಲೇಡಿನಿಂದ ಸವರಿ, 600ರ ವಾಟರ್ ಪೇಪರ್‌ನಿಂದ ಉಜ್ಜಬೇಕು. ಒಂದು ಭಾಗಕ್ಕೆ ಒಂದು ನಿಮಿಷ. ನೂರು ಭಾಗಗಳಿದ್ದರೆ ಅದೇ ಒಂದು ಭಾನುವಾರದ ಬೆಳಗು. ಈ ಭಾನುವಾರ ನಿಮಗೆ ವಿಶ್ರಾಂತಿ ಅನ್ನಿಸುತ್ತದೆಯೋ ಶಿಕ್ಷೆ ಅನ್ನಿಸುತ್ತದೆಯೋ ಎಂಬುದರಲ್ಲಿ ಕಿಟ್ ನಿಮಗೆ ಒಗ್ಗುತ್ತದೆಯೇ ಎಂಬ ಉತ್ತರವಿದೆ.

ಅಂಟಿನ ವಿಷಯ. ಕಿಟ್‌ನ ಪ್ಲಾಸ್ಟಿಕ್‌ಗೆ ಅದರದ್ದೇ ದ್ರವ ಅಂಟು ಬೇಕು. ಅದು ಎರಡೂ ಮೈಗಳನ್ನು ಕರಗಿಸಿ ಒಂದಾಗಿಸುತ್ತದೆ. ಜೋಡಿಸಿ ಹಿಡಿದ ಸಂದಿಗೆ ಕುಂಚದ ತುದಿ ಮುಟ್ಟಿಸಿದರೆ ಅಂಟು ತಾನೇ ಒಳಗೆ ಹರಿದುಹೋಗುತ್ತದೆ. ಫೆವಿಕ್ವಿಕ್ ಅನ್ನು ಗಾಜಿನ ಹತ್ತಿರ ತರಲೇಬೇಡಿ. ಅದರ ಆವಿ ತಾಗಿ ಗಾಜು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಕಾರಿನ ಗಾಜಿಗೆ ಬಡಗಿಯ ಬಿಳಿ ಫೆವಿಕಾಲ್ ಸಾಕು. ಒಣಗಿದಾಗ ಪಾರದರ್ಶಕವಾಗುತ್ತದೆ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು.

ಬೆಲೆ: ಇದನ್ನು ಬರೆಯುವ ಹೊತ್ತಿಗೆ ನಮ್ಮಲ್ಲಿ ಒಳ್ಳೆಯ 1:24ರ ಕಿಟ್‌ಗೆ ಎರಡೂವರೆ ಸಾವಿರದಿಂದ ಐದು ಸಾವಿರ ರೂಪಾಯಿ ಇಟ್ಟುಕೊಳ್ಳಬೇಕು. ನಿಪ್ಪರ್, ಬ್ಲೇಡ್, ಅಂಟು, ವಾಟರ್ ಪೇಪರ್, ಮಾಸ್ಕಿಂಗ್ ಟೇಪ್ ಸೇರಿ ಸಾವಿರದೈನೂರು. ಪ್ರೈಮರ್ ಎಂಬ ಅಡಿಬಣ್ಣ, ಮೈಬಣ್ಣ, ಕ್ಲಿಯರ್ ಎಂಬ ಪಾರದರ್ಶಕ ಮೇಲ್ಪದರ ಹೀಗೆ ಮೂರು ಸ್ಪ್ರೇ ಡಬ್ಬಿಗೆ ಇನ್ನೊಂದು ಎರಡು ಸಾವಿರ. ಅಂದರೆ ಮೂರು ಸಾವಿರದ ಕಿಟ್ ಮೇಜಿನ ಮೇಲೆ ಕಾರಾಗಿ ನಿಲ್ಲುವಾಗ ಆರೂವರೆ ಸಾವಿರ ದಾಟಿರುತ್ತದೆ. ಆ ತಾಯಿಗೆ ನಾನು ಹೇಳಿದ್ದು ಇದನ್ನೇ. ಹದಿಮೂರು ವರ್ಷದ ಹುಡುಗನಿಗೆ ಅಂಟು ಬೇಡದ, ಒತ್ತಿದರೆ ಕೂರುವ, ಬಣ್ಣದ ಪ್ಲಾಸ್ಟಿಕ್‌ನಲ್ಲೇ ಬರುವ ರೆವೆಲ್‌ನ ಈಸಿ ಕ್ಲಿಕ್ ಬಗೆಯ ಕಿಟ್ ಮೊದಲು ಕೊಡಿಸಿ. ಅದನ್ನು ಕಟ್ಟಿ ಮುಗಿಸಿದ ವಾರದೊಳಗೆ ‘ಇದಕ್ಕೆ ಬಣ್ಣ ಹಚ್ಚಬಹುದಾ?’ ಎಂದು ಅವನೇ ಕೇಳಿದರೆ ಮೂರು ಸಾವಿರದ ಕಿಟ್‌ಗೆ ಅವನು ಸಿದ್ಧನಾಗಿದ್ದಾನೆ.

ಅಂಗೈಯಗಲದ ಡೈಕಾಸ್ಟ್

ಮ್ಯಾಟೆಲ್ ಕಂಪನಿ 1968ರಲ್ಲಿ ಶುರು ಮಾಡಿದ ಹಾಟ್ ವೀಲ್ಸ್, ಫ್ರೆಂಚ್ ಮೂಲದ ಮಜೊರೆಟ್, ಜಪಾನಿನ ಟೊಮಿಕಾ ಈ ಗುಂಪಿನವು. ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಎರೆದು ಮಾಡಿದ ಮೈ, ಪ್ಲಾಸ್ಟಿಕ್ ಒಳಭಾಗ. ಸಾಮಾನ್ಯ ಹಾಟ್ ವೀಲ್ಸ್ ಇನ್ನೂರು ರೂಪಾಯಿಯ ಒಳಗೆ ಸಿಗುತ್ತದೆ. ಎಲ್ಲವೂ 1:64 ಎಂದು ನಂಬಬೇಡಿ. ಒಂದೇ ಗಾತ್ರದ ಪ್ಯಾಕೆಟ್‌ಗೆ ಹೊಂದಿಸಲು ಉದ್ದದ ಕಾರನ್ನು ಕುಗ್ಗಿಸಿ, ಗಿಡ್ಡ ಕಾರನ್ನು ಹಿಗ್ಗಿಸಿರುತ್ತಾರೆ. ಅಳತೆಯ ನಿಖರತೆ ಬೇಕೆನ್ನುವವರಿಗೆ ಇದು ಮುಳ್ಳಾಗುತ್ತದೆ.

ಒಂದೇ ಕೋಣೆಯ ಮನೆಯವರಿಗೆ ನಾನು ಕಣ್ಣು ಮುಚ್ಚಿ ಹೇಳುವ ದಾರಿ ಇದು. ಕಾರಣ, ಇಲ್ಲಿ ಕೆಲಸದ ಎರಡು ಮಟ್ಟಗಳಿವೆ. ಮೊದಲನೆಯದಕ್ಕೆ ಬಿಚ್ಚುವುದೇ ಬೇಡ. ಸೊನ್ನೆ ನಂಬರಿನ ಕುಂಚ, ಬೆಳ್ಳಿ ಬಣ್ಣ, ಕಪ್ಪು, ಪಾರದರ್ಶಕ ಕೆಂಪು, ಕಿತ್ತಳೆ ಇಷ್ಟಿದ್ದರೆ ಮುಂದಿನ ದೀಪಕ್ಕೆ ಬೆಳ್ಳಿ, ಹಿಂದಿನ ದೀಪಕ್ಕೆ ಬೆಳ್ಳಿಯ ಮೇಲೆ ಕೆಂಪು, ಗ್ರಿಲ್ಲಿನ ಸಂದಿಗೆ ತೆಳುವಾದ ಕಪ್ಪು, ಕಿಟಕಿಯ ಅಂಚಿಗೆ ಕ್ರೋಮ್ ಗೆರೆ. ಆಟಿಕೆಯಂತಿದ್ದ ಮುಖಕ್ಕೆ ಅರ್ಧ ಗಂಟೆಯಲ್ಲಿ ಕಣ್ಣು ಬರುತ್ತದೆ. ಕೆಂಪನ್ನು ನೇರವಾಗಿ ಹಚ್ಚದೆ ಬೆಳ್ಳಿಯ ಮೇಲೆ ಹಚ್ಚುವುದರ ಗುಟ್ಟು ದೀಪದ ಆಳದಲ್ಲಿದೆ. ಬೆಳಕು ಒಳಗೆ ಹೋಗಿ ತಿರುಗಿ ಬಂದಂತೆ ಕಾಣುತ್ತದೆ.

ಎರಡನೆಯ ಮಟ್ಟದಲ್ಲಿ ತಳದ ರಿವೆಟ್‌ಗಳನ್ನು ಕೈ ಡ್ರಿಲ್‌ನಿಂದ ಕೊರೆದು ಕಾರನ್ನು ಬಿಚ್ಚುತ್ತೇವೆ. ರಿವೆಟ್‌ನ ತಲೆಯಷ್ಟೇ ಹೋಗಬೇಕು, ಕಂಬ ಉಳಿಯಬೇಕು. ಮುಂದೆ ಅದೇ ಕಂಬಕ್ಕೆ ಸಣ್ಣ ಸ್ಕ್ರೂ ಹಾಕಿ ಮುಚ್ಚುವುದಿದೆ. ಲೋಹದ ಮೈಯನ್ನು ಅಸಿಟೋನ್‌ನಂಥ ಬಣ್ಣ ತೆಗೆಯುವ ದ್ರಾವಣದಲ್ಲಿ ಅದ್ದಿ ಬೆತ್ತಲೆ ಮಾಡಿ, ಲೋಹಕ್ಕೆಂದೇ ಇರುವ ಪ್ರೈಮರ್ ಹೊಡೆದು, ಹೊಸ ಬಣ್ಣ ಹಚ್ಚುತ್ತೇವೆ. ಗಾಜು, ಸೀಟು ಮೊದಲೇ ತೆಗೆದಿರಬೇಕು, ಅಸಿಟೋನ್ ತಾಗಿದರೆ ಅವು ಕರಗಿಹೋಗುತ್ತವೆ. ಬಣ್ಣ ತೆಳುವಾಗಿರಬೇಕೆಂದು ಮೇಲೆ ಹೇಳಿದ್ದು ಇಲ್ಲಿ ನೂರಕ್ಕೆ ನೂರು ಅನ್ವಯ.

ಈ ದಾರಿಯ ದೊಡ್ಡ ಗುಣವೆಂದರೆ ಧೈರ್ಯ. ಇನ್ನೂರು ರೂಪಾಯಿಯ ಕಾರು ಕೆಟ್ಟರೆ ಮತ್ತೆ ಬಣ್ಣ ತೆಗೆದು ಶುರು ಮಾಡಬಹುದು. ನಲವತ್ತು ಕಾರುಗಳಿರುವ ಯುವಕನಿಗೆ ನಲವತ್ತು ಪಾಠಗಳಿವೆ. ಆದರೆ ಸಂಗ್ರಹದಲ್ಲಿ ಅಪರೂಪದ್ದೇನಾದರೂ ಇದ್ದರೆ ಅದನ್ನು ಮುಟ್ಟಬೇಡಿ, ಪ್ಯಾಕೆಟ್ ಒಡೆದ ಕ್ಷಣಕ್ಕೆ ಸಂಗ್ರಾಹಕರ ಲೆಕ್ಕದಲ್ಲಿ ಅದರ ಬೆಲೆ ಇಳಿಯುತ್ತದೆ.

1:18 ಮತ್ತು 1:24ರ ದೊಡ್ಡ ಡೈಕಾಸ್ಟ್‌ಗಳ ಬಗ್ಗೆ ಎರಡು ಮಾತು ಸಾಕು. ಮೈಸ್ಟೊ, ಬುರಾಗೊ ಕಂಪನಿಗಳವು ಬಣ್ಣ ಹಚ್ಚಿಯೇ ಬರುತ್ತವೆ. ಕಾರ್ಖಾನೆಯ ಹೊಳಪನ್ನು ಉಳಿಸಿಕೊಂಡು ಒಳಾಂಗಣಕ್ಕೆ ಬಟ್ಟೆಯ ನೆಲಹಾಸು, ದೀಪಗಳಿಗೆ ಬಣ್ಣ, ಎಂಜಿನ್‌ಗೆ ತಂತಿ ಹೀಗೆ ಸೇರಿಸುತ್ತ ಹೋಗಬಹುದು. ಸ್ಕ್ರೂಡ್ರೈವರ್‌ನಿಂದಲೇ ಜೋಡಿಸುವ ಮೈಸ್ಟೊ ಪೆಟ್ಟಿಗೆಗಳೂ ಇವೆ. ಕೈ ನಡುಗುವ ಹಿರಿಯರಿಗೆ, ಬಣ್ಣದ ವಾಸನೆ ಆಗದವರಿಗೆ ಒಳ್ಳೆಯದು. ಮೈಬಣ್ಣ ಬದಲಿಸುವ ಹುಚ್ಚು ಹತ್ತಿದವರಿಗೆ ಇದು ಬೇಗ ಮುಗಿದುಹೋಗುವ ದಾರಿ.

ಆಟಿಕೆಯ ಅಂಬಾಸಿಡರ್

ನನ್ನ ಮನಸ್ಸಿಗೆ ಹತ್ತಿರವಾದ ದಾರಿ ಇದು, ಸ್ವಲ್ಪ ಹೆಚ್ಚು ಬರೆದರೆ ಓದುಗರು ಮನ್ನಿಸಬೇಕು.

ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರ ವರೆಗೆ ತಯಾರಾದ ಅಂಬಾಸಿಡರ್‌ನ ಕಿಟ್ ಜಪಾನಿ ಕಂಪನಿಗಳ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಸೆಂಟಿ ಟಾಯ್ಸ್ ಎಂಬ ನಮ್ಮ ದೇಶದ ಕಂಪನಿ ಹಿಂದಕ್ಕೆಳೆದು ಬಿಟ್ಟರೆ ಓಡುವ ಅಂಬಾಸಿಡರ್, ಆಟೊರಿಕ್ಷಾ, ಬಸ್ ಮೊದಲಾದ ಪ್ಲಾಸ್ಟಿಕ್ ಆಟಿಕೆಗಳನ್ನು ಮಾಡುತ್ತದೆ. ಮುನ್ನೂರು ನಾನೂರು ರೂಪಾಯಿಯ ಮಟ್ಟದ ಈ ಆಟಿಕೆ ಮಕ್ಕಳಿಗಾಗಿ ಮಾಡಿದ್ದು. ಅದರ ಮೈಯ ಉಬ್ಬುತಗ್ಗು ಮಾತ್ರ ಅಂಬಾಸಿಡರ್‌ನದೇ, ಯಾರು ನೋಡಿದರೂ ಗುರುತು ಹಿಡಿಯುತ್ತಾರೆ.

ತಳದ ಸ್ಕ್ರೂ ತೆಗೆದರೆ ಮೈ ಬೇರೆ, ತಳ ಬೇರೆ. ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ, ಅಚ್ಚಿನ ಗೆರೆಗಳನ್ನು 800ರ ವಾಟರ್ ಪೇಪರ್‌ನಿಂದ ಉಜ್ಜಿ ಪ್ರೈಮರ್ ಹೊಡೆಯಬೇಕು. ಆಟಿಕೆಯ ಪ್ಲಾಸ್ಟಿಕ್ ಯಾವ ಬಗೆಯದೆಂದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಆದ್ದರಿಂದ ಒಳಮೈಯಲ್ಲಿ ಒಂದು ಮೂಲೆಗೆ ಮೊದಲು ಹಚ್ಚಿ ನೋಡಿ, ಮರುದಿನ ಟೇಪ್ ಅಂಟಿಸಿ ಕೀಳಿ. ಬಣ್ಣ ಟೇಪಿನೊಂದಿಗೆ ಎದ್ದು ಬಂದರೆ ಪ್ಲಾಸ್ಟಿಕ್‌ಗೆ ಹಿಡಿತ ಕೊಡುವ ಬೇರೆ ಪ್ರೈಮರ್ ಬೇಕು.

ಬಣ್ಣ ಒಣಗಿದ ಮೇಲೆ ಬರುವುದು ನಾನು ಇಡೀ ವಾರ ಕಾಯುವ ಕೆಲಸ: ಕ್ರೋಮ್. ಅಂಬಾಸಿಡರ್‌ನ ಕಿಟಕಿಯ ಸುತ್ತಲಿನ ಹೊಳೆಯುವ ಪಟ್ಟಿಗೆ ಬೆಳ್ಳಿ ಬಣ್ಣ ಹಚ್ಚಿದರೆ ಬೂದು ಗೆರೆಯಂತೆ ಕಾಣುತ್ತದೆ. ಅದಕ್ಕೆ ಬೇರ್ ಮೆಟಲ್ ಫಾಯಿಲ್ ಬೇಕು. ಉಸಿರು ತಾಗಿದರೆ ಮುದುಡುವಷ್ಟು ತೆಳುವಾದ, ಹಿಂಬದಿಯಲ್ಲಿ ಅಂಟಿರುವ ಲೋಹದ ಹಾಳೆ ಅದು. ಪಟ್ಟಿಗಿಂತ ಸ್ವಲ್ಪ ಅಗಲಕ್ಕೆ ಕತ್ತರಿಸಿ ಮೇಲಿಟ್ಟು, ಹಲ್ಲುಕಡ್ಡಿಯ ಮೊಂಡು ತುದಿಯಿಂದ ಮೆಲ್ಲಗೆ ಒತ್ತುತ್ತ ಹೋದರೆ ಕೆಳಗಿನ ಉಬ್ಬುಗೆರೆ ಹಾಳೆಯ ಮೇಲೆ ಮೂಡುತ್ತದೆ. ಆಗ ಹೊಸ ಬ್ಲೇಡು. ಹೊಸದೇ ಆಗಬೇಕು, ನಾಲ್ಕು ಗೀರು ಎಳೆದ ಬ್ಲೇಡು ಹಾಳೆಯನ್ನು ಕತ್ತರಿಸದೆ ಹರಿಯುತ್ತದೆ. ಉಬ್ಬಿನ ಅಂಚಿನಲ್ಲಿ ಭಾರ ಹಾಕದೆ ಒಂದು ಗೀರು ಎಳೆದು ಹೆಚ್ಚಿನದನ್ನು ಚಿಮುಟದಿಂದ ಎತ್ತಿದಾಗ ಮಿಲಿಮೀಟರಿನಷ್ಟು ಅಗಲದ ಶುದ್ಧ ಕ್ರೋಮ್ ಉಳಿಯುತ್ತದೆ. ನಮ್ಮೂರಿನ ಟ್ಯಾಕ್ಸಿ ನಿಲ್ದಾಣದಲ್ಲಿ ಬೆಳಗಿನ ಬಿಸಿಲಿಗೆ ಸಾಲಾಗಿ ಹೊಳೆಯುತ್ತಿದ್ದುದು ಅದೇ ಪಟ್ಟಿ.

ವಿವರಗಳಿಗೆ ನಿಜವಾದ ಕಾರನ್ನು ನೋಡಲೇಬೇಕು. ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ ಇವುಗಳ ಗ್ರಿಲ್ ಒಂದೇ ಅಲ್ಲ. ಶ್ರೀರಂಗಪಟ್ಟಣದ ಬಳಿಯ ಪಯಣ ಕಾರ್ ಮ್ಯೂಸಿಯಂ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಇಂಥ ಕಡೆ ಹಳೆಯ ವಾಹನಗಳನ್ನು ಹತ್ತಿರದಿಂದ ಕಾಣಬಹುದು. ಎಲ್ಲರೂ ತೆಗೆಯುವ ಮುಂಭಾಗದ ಚಿತ್ರ ಬಿಟ್ಟು ಬಾಗಿಲ ಹಿಡಿ, ವೈಪರ್ ಬುಡ, ಬಂಪರ್ ಕೂರುವ ಜಾಗಗಳ ಚಿತ್ರ ತೆಗೆದುಕೊಳ್ಳಿ. ಕೆಲಸಕ್ಕೆ ಬರುವುದು ಅವೇ.

ಈ ದಾರಿಯ ಕೊರತೆಯನ್ನೂ ಹೇಳಬೇಕು. ಚಕ್ರಗಳು ಆಟಿಕೆಯ ಚಕ್ರಗಳೇ, ಒಳಾಂಗಣ ಹೆಸರಿಗಷ್ಟೇ, ಅಳತೆ ಯಾವ ಕಟ್ಟುನಿಟ್ಟಿಗೂ ಒಳಪಟ್ಟದ್ದಲ್ಲ. ಚಕ್ರ, ಸೀಟು, ಸ್ಟಿಯರಿಂಗ್ ನೀವೇ ಮಾಡಿಕೊಳ್ಳಬೇಕಾಗುತ್ತದೆ. ಅಲ್ಲಿಂದ ಮುಂದಿನ ದಾರಿಗೆ ಒಂದೇ ಹೆಜ್ಜೆ.

ಖಾಲಿ ಹಾಳೆಯಿಂದ

ನಿವೃತ್ತ ಚಾಲಕರಿಗೆ ನಾನು ತೋರಿಸಿದ್ದು ಇದನ್ನು. ಜಾಹೀರಾತು ಫಲಕ ಮಾಡುವವರ ಬಳಿ ಸಿಗುವ ಸನ್‌ಬೋರ್ಡ್ ಹಾಳೆ 3 ಮತ್ತು 5 ಮಿಲಿಮೀಟರ್ ದಪ್ಪದಲ್ಲಿ ಬರುತ್ತದೆ. ಅವರ ಅಂಗಡಿಯಲ್ಲಿ ಉಳಿದ ತುಂಡುಗಳೇ ಒಂದು ಬಸ್ಸಿಗೆ ಸಾಕಾಗುತ್ತವೆ. ಉಕ್ಕಿನ ಸ್ಕೇಲ್, ಕಟ್ಟರ್, ಕಿಟಕಿಗೆ ಪಾರದರ್ಶಕ ಓಎಚ್‌ಪಿ ಹಾಳೆ, ಗೋಡೆಗಳನ್ನು ಅಂಟಿಸಲು ಫೆವಿಕ್ವಿಕ್. ಐನೂರರಿಂದ ಸಾವಿರ ರೂಪಾಯಿಯಲ್ಲಿ ಕೆಲಸ ಶುರುವಾಗುತ್ತದೆ. ಥರ್ಮೋಕೋಲ್ ಮಾತ್ರ ತರಬೇಡಿ. ಸ್ಪ್ರೇ ಬಣ್ಣ ತಾಗಿದರೆ ಕರಗಿ ಕುಳಿ ಬೀಳುತ್ತದೆ.

ಬಸ್ಸು ಹೊಸಬರಿಗೂ ಒಲಿಯುತ್ತದೆ, ಏಕೆಂದರೆ ಅದರ ಬದಿಗಳು ಚಪ್ಪಟೆ. ಕಾರಿನ ಮೈ ಎಲ್ಲೆಡೆ ಬಾಗುವುದರಿಂದ ಹಾಳೆಯಲ್ಲಿ ಅದನ್ನು ತರುವುದು ವರ್ಷಗಳ ಪಳಗಿಕೆಯ ಮಾತು. ಚಾವಣಿಯ ಅಂಚಿನ ಬಾಗಿಗೆ ಹಾಳೆಯ ಒಳಮೈಯಲ್ಲಿ ಅರ್ಧ ಆಳಕ್ಕೆ ಒತ್ತೊತ್ತಾಗಿ ಗೀರು ಎಳೆದರೆ ಅದು ಮುರಿಯದೆ ಬಾಗುತ್ತದೆ. 3 ಮಿಲಿಮೀಟರಿನ ಗೋಡೆ 1:24ರಲ್ಲಿ 7 ಸೆಂಟಿಮೀಟರ್ ದಪ್ಪದ ತಗಡಿಗೆ ಸಮ, ಹಾಗಾಗಿ ಕಿಟಕಿಯ ಅಂಚು ಕೋಟೆಗೋಡೆಯಂತೆ ಕಾಣುತ್ತದೆ. ಅಂಚಿನ ದಪ್ಪಕ್ಕೆ ಕಪ್ಪು ಬಣ್ಣ ಹಚ್ಚಿದರೆ ಕಣ್ಣು ಅದನ್ನು ರಬ್ಬರ್ ಪಟ್ಟಿ ಎಂದು ಒಪ್ಪಿಕೊಳ್ಳುತ್ತದೆ. ದೀಪಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ 3 ಮಿಲಿಮೀಟರಿನ ಎಲ್ಇಡಿ, ಅದಕ್ಕೆ ತಕ್ಕ ರೆಸಿಸ್ಟರ್.

ಇಲ್ಲಿ ಖರ್ಚು ಕಡಿಮೆ, ಸಮಯ ಅಪಾರ. ಮೂರು ತಿಂಗಳ ಸಂಜೆಗಳನ್ನು ಕೊಡಬಲ್ಲವರಿಗೆ ಮಾತ್ರ ಇದನ್ನು ಹೇಳುತ್ತೇನೆ. ಅಳತೆಗಳು ನಿಮ್ಮದೇ ಆಗಿರಬೇಕು, ನಕ್ಷೆಯೂ ನಿಮ್ಮದೇ. ಆ ಚಾಲಕರ ಬಳಿ ಅಳತೆ ಪಟ್ಟಿಗಿಂತ ದೊಡ್ಡದೊಂದು ಇತ್ತು: ಯಾವ ಕಿಟಕಿಯ ಸರಳು ಎಲ್ಲಿ ಸವೆದಿತ್ತು, ಗೇರ್ ಹಿಡಿಯ ಗುಂಡು ಯಾವ ಬಣ್ಣದ್ದು ಎಂಬ ನೆನಪು. ಅದು ಯಾವ ಕಿಟ್‌ನ ಪೆಟ್ಟಿಗೆಯಲ್ಲೂ ಬರುವುದಿಲ್ಲ.

ರೆಸಿನ್ ಎಂಬ ಗಟ್ಟಿಯಾಗುವ ರಾಳದಲ್ಲಿ ಎರೆದ ಕಿಟ್, 3ಡಿ ಮುದ್ರಣದ ಮೈಗಳು ಈಗ ಹೆಚ್ಚುತ್ತಿವೆ. ಅಪರೂಪದ ಕಾರುಗಳು ಅಲ್ಲಿ ಸಿಗುತ್ತವೆ, ವಿಶೇಷವಾಗಿ 1:43ರಲ್ಲಿ. ಆದರೆ ರೆಸಿನ್‌ಗೆ ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ, ಫೆವಿಕ್ವಿಕ್ ಅಥವಾ ಅರಾಲ್ಡೈಟ್ ಬೇಕು. ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಯಾವಾಗಲೂ ನೀರು ಹಾಕಿಯೇ ಉಜ್ಜಬೇಕು, ಮಾಸ್ಕ್ ಇರಬೇಕು. ಮುದ್ರಿಸಿದ ಮೈಯ ಪದರ ಗೆರೆಗಳನ್ನು ಅಳಿಸಲು ಪ್ರೈಮರ್, ಉಜ್ಜು, ಮತ್ತೆ ಪ್ರೈಮರ್ ಎಂದು ನಾಲ್ಕೈದು ಸುತ್ತು. ಎರಡು ಮೂರು ಕಿಟ್ ಕಟ್ಟಿದ ಮೇಲೆ ಈ ಕಡೆ ಬನ್ನಿ.

ಕುಂಚ, ಸ್ಪ್ರೇ ಡಬ್ಬಿ, ಏರ್‌ಬ್ರಷ್

ಯಾವ ದಾರಿ ಹಿಡಿದರೂ ಈ ಆಯ್ಕೆ ಎದುರಾಗುತ್ತದೆ. ಕುಂಚ ಸಣ್ಣ ಭಾಗಗಳಿಗೆ, ಒಳಾಂಗಣಕ್ಕೆ, ಡೈಕಾಸ್ಟ್‌ನ ದೀಪಗಳಿಗೆ ಸಾಕು. ಹೊಳೆಯುವ ಮೈಗೆ ಸಾಲದು. ಮೈಗೆ ಸ್ಪ್ರೇ ಡಬ್ಬಿಯೇ ನನ್ನ ಮೊದಲ ಆಯ್ಕೆ. ಪ್ಲಾಸ್ಟಿಕ್ ಮಾದರಿಗೆಂದೇ ತಮಿಯಾದ ಟಿಎಸ್ ಸರಣಿ ಇದೆ, 100 ಮಿಲಿಲೀಟರಿನ ಡಬ್ಬಿ. ಪಿಎಸ್ ಎಂದು ಬರೆದದ್ದು ರಿಮೋಟ್ ಕಾರುಗಳ ಪಾಲಿಕಾರ್ಬೊನೇಟ್ ಮೈಗೆ. ಎರಡರಲ್ಲಿ ಅಕ್ಷರ ತಪ್ಪಿದರೆ ಹಣ ಹೋದಂತೆ. ಹಾರ್ಡ್‌ವೇರ್ ಅಂಗಡಿಯ ವಾಹನದ ಸ್ಪ್ರೇ ಅಗ್ಗ, ಆದರೆ ಅದರ ಥಿನ್ನರ್ ಖಾರವಾದದ್ದು, ಪ್ಲಾಸ್ಟಿಕ್ ಬಿರುಕು ಬಿಟ್ಟೀತು. ಬೇಡದ ಪ್ಲಾಸ್ಟಿಕ್ ಚಮಚದ ಮೇಲೆ ಮೊದಲು ಹೊಡೆದು ನೋಡಿ. ಡಬ್ಬಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರದಿಂದ, ಮಂಜು ಕೂತಂತೆ ಮೂರು ನಾಲ್ಕು ತೆಳು ಪದರ ಹೊಡೆಯಬೇಕು.

ಸ್ಪ್ರೇ ಬಣ್ಣ ಬೆಂಕಿ ಹಿಡಿಯುವಂಥದ್ದು. ಅಡುಗೆ ಒಲೆ ಉರಿಯುತ್ತಿದ್ದರೆ, ದೇವರ ಮುಂದೆ ದೀಪವಿದ್ದರೆ ಆ ಮನೆಯೊಳಗೆ ಹೊಡೆಯಬೇಡಿ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ರಾಸಾಯನಿಕ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು. ಕಿಟ್‌ಗೆ ಹಣ ಸಾಲದಿದ್ದರೆ ಕಿಟ್ ಮುಂದೂಡಿ, ಮಾಸ್ಕ್ ಅಲ್ಲ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಕಟ್ಟಳೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ನೀರು ತುಂಬಿರುತ್ತದೆ. ಬಣ್ಣದ ದ್ರಾವಕ ಆರುವಾಗ ಮೈ ತಣ್ಣಗಾಗಿ ಆ ತೇವ ಮೇಲೆ ಕೂರುತ್ತದೆ, ಹೊಳಪಿನ ಮೇಲೆ ಹಾಲು ಬಳಿದಂತೆ ಬಿಳಿ ಮಂಕು ಹರಡುತ್ತದೆ. ಒಂದು ಜುಲೈನಲ್ಲಿ ಕಡುನೀಲಿಯ ಕಾರೊಂದು ನನ್ನ ಕಣ್ಣೆದುರೇ ಹಾಗೆ ಬೂದಾಯಿತು. ಬಿಸಿಲು ಬಂದ ದಿನ ಉಜ್ಜಿ ಮತ್ತೆ ಹೊಡೆಯಬೇಕಾಯಿತು. ಮಳೆಗಾಲವನ್ನು ನಾನು ಈಗ ಕತ್ತರಿಸುವ, ಉಜ್ಜುವ, ಒಳಾಂಗಣ ಜೋಡಿಸುವ ಕೆಲಸಕ್ಕೆ ಇಟ್ಟು, ಮೈಬಣ್ಣವನ್ನು ದಸರೆಯ ನಂತರಕ್ಕೆ ಬಿಡುತ್ತೇನೆ.

ಏರ್‌ಬ್ರಷ್‌ಗೆ ಕಂಪ್ರೆಸರ್ ಸೇರಿ ಐದರಿಂದ ಹತ್ತು ಸಾವಿರ. ಗಾಳಿಯ ಒತ್ತಡದಿಂದ ಬಣ್ಣ ಚಿಮ್ಮಿಸುವ ಈ ಪುಟ್ಟ ಉಪಕರಣದಲ್ಲಿ ಬಣ್ಣದ ಹಿಡಿತ ನಿಮ್ಮ ಬೆರಳಿಗೆ ಬರುತ್ತದೆ, ಸಣ್ಣ ಅಳತೆಗೆ ಅದಕ್ಕೆ ಸಾಟಿಯಿಲ್ಲ, ಬಣ್ಣವೂ ಉಳಿಯುತ್ತದೆ. ಪ್ರತಿ ಬಾರಿ ಅದನ್ನು ಬಿಚ್ಚಿ ತೊಳೆಯುವ ತಾಳ್ಮೆಯೂ ಬೇಕು. ವರ್ಷಕ್ಕೆ ಎರಡು ಕಾರು ಕಟ್ಟುವವರಿಗೆ ಡಬ್ಬಿ ಸಾಕು. ತಿಂಗಳಿಗೊಂದು 1:64ರ ಕಾರಿಗೆ ಬಣ್ಣ ಬದಲಿಸುವವರಿಗೆ ಏರ್‌ಬ್ರಷ್ ಒಂದು ವರ್ಷದಲ್ಲಿ ತನ್ನ ಖರ್ಚು ತೀರಿಸುತ್ತದೆ.

ಕೈಯಲ್ಲಿ ಸಾವಿರ ರೂಪಾಯಿ ಇದ್ದರೆ ಎರಡು ಡೈಕಾಸ್ಟ್, ಎರಡು ಕುಂಚ, ನಾಲ್ಕು ಬಣ್ಣ ತನ್ನಿ. ಎರಡು ಸಾವಿರವಿದ್ದು ತಾರಸಿಯೂ ಇದ್ದರೆ ಆಟಿಕೆಯ ಅಂಬಾಸಿಡರ್ ತಂದು ಉಳಿದದ್ದನ್ನು ಬಣ್ಣಕ್ಕೂ ಕ್ರೋಮ್ ಹಾಳೆಗೂ ಹಾಕಿ. ಏಳು ಸಾವಿರ, ಜೊತೆಗೆ ಖಾಲಿ ಭಾನುವಾರಗಳಿದ್ದರೆ ಕರ್ಬ್‌ಸೈಡ್ ಕಿಟ್. ಹಣಕ್ಕಿಂತ ಸಂಜೆಗಳು ಹೆಚ್ಚಿದ್ದರೆ ಸನ್‌ಬೋರ್ಡ್.

ಚಾಲಕರು ಕಳೆದ ತಿಂಗಳು ಒಂದು ಚಿತ್ರ ಕಳಿಸಿದ್ದರು. ಬಸ್ಸಿಗೆ ಇನ್ನೂ ಬಣ್ಣವಿಲ್ಲ, ಬಿಳಿಯ ಬರಿಮೈ, ಹಿಂದಿನ ಚಕ್ರವೂ ಕೂತಿಲ್ಲ. ಮುಂದಿನ ಬಂಪರ್ ಮೇಲೆ ಮಾತ್ರ ಕೆಎ-14 ಎಫ್ ಎಂಬ ನಂಬರ್ ಪ್ಲೇಟ್ ಆಗಲೇ ಅಂಟಿತ್ತು.